ದೊಡ್ಡವರೊಬ್ಬರು ಮನೆಯಲ್ಲಿರಬೇಕು

ಸೊಂಟ ಮುರಿದುಕೊಂಡು ಮಗನ ಮನೆ ಸೇರಿದ ಮೇಲೆ ವರ್ನಾಳಿಗೆ ವಾರದಲ್ಲಿ ಆಗದ ದಿನವೆಂದರೆ ಮಂಗಳವಾರ. ಅಂದು ಚರ್ಚಿನ ಸಭೆಯ ಸೇವಾ ತಂಡದ ಹೆಂಗಸರು ಬರುತ್ತಿದ್ದರು. ಒಬ್ಬಳು ಬಚ್ಚಲು ತೊಳೆಯುವಳು, ಇನ್ನೊಬ್ಬಳು ಒಗೆದ ಬಟ್ಟೆ ಮಡಿಸುವಳು, ಮತ್ತೊಬ್ಬಳು ಒಲೆಯ ಮೇಲೆ ದೊಡ್ಡ ಟ್ರೇ ಇಡುವಳು. ಟ್ರೇಯಲ್ಲಿ ಕೋಳಿ ಹಾಕಿ ಬೇಯಿಸಿದ ನೂಡಲ್ಸು, ಅದರ ಮೇಲೆ ಬೆರಳು ದಪ್ಪ ಚೀಸು. ಆಮೇಲೆ ಯಾರಾದರೊಬ್ಬರು ವರ್ನಾಳ ಎದುರಿಗೆ ಕುರ್ಚಿ ಎಳೆದುಕೊಂಡು ಕೂತು, ಅವಳ ಕೈಹಿಡಿದು, ಕಿವುಡರಿಗೆ ಹೇಳುವಂತೆ ಗಟ್ಟಿಯಾಗಿ, "ಸಿಸ್ಟರ್ ವರ್ನಾ, ಇವತ್ತು ಹೇಗಿದ್ದೀರಿ?" ಎಂದು ಕೇಳಲೇಬೇಕು.

"ಕಿವಿ ನೆಟ್ಟಗಿದೆ. ಮುರಿದಿದ್ದು ಸೊಂಟ," ಅನ್ನುವಳು ವರ್ನಾ.

ಅದೇ ಸಭೆಯ ಅಡುಗೆಮನೆಯಲ್ಲಿ ಅರ್ಧ ಆಯಸ್ಸು ಸವೆಸಿದವಳು ಅವಳು. ಸಾವಾದ ಮನೆಗೆ, ಬಾಣಂತಿಯ ಮನೆಗೆ, ಗಣಿ ಮುಚ್ಚಿ ಕೆಲಸ ಹೋದವರ ಮನೆಗೆ ಹಂಡೆಗಟ್ಟಲೆ ಕಾಳು ಬೇಯಿಸಿ ಕಳಿಸಿದ್ದಳು. ಈಗ ಆ ಗಣಿ ಕಣಿವೆಯಲ್ಲಿ ಸಭೆಯವರ ಸೇವೆಗೆ ಮೊದಲ ಸಾಲಿನಲ್ಲಿ ನಿಂತಿದ್ದು ಅವಳದೇ ಮನೆ. ಅದಕ್ಕೆ ಎರಡು ಕಾರಣ. ಒಂದು, ಎಪ್ಪತ್ತೆಂಟು ದಾಟಿದ, ವಾಕರ್ ತಳ್ಳಿಕೊಂಡು ಓಡಾಡುವ ವರ್ನಾ. ಎರಡು, ಮಕ್ಕಳ ಇಲಾಖೆಯವರು ಸಾಕಲು ತಂದುಬಿಟ್ಟ ನಾಲ್ಕು ವರ್ಷದ ಜೋಸಿ.

ಜೋಸಿ ಬಂದು ಒಂದೂವರೆ ವರ್ಷವಾಗಿತ್ತು. ಅವಳ ತಾಯಿ ಶೆಲ್ಬಿಗೆ ನೋವಿನ ಮಾತ್ರೆಯ ಚಟ. ಪೆಟ್ರೋಲ್ ಬಂಕಿನ ಮುಂದೆ ಕಾರು ನಿಲ್ಲಿಸಿ, ಸ್ಟೀರಿಂಗ್ ಮೇಲೆ ತಲೆಯಿಟ್ಟು ಎಚ್ಚರವಿಲ್ಲದೆ ಬಿದ್ದಿದ್ದಾಗ ಹಿಂದಿನ ಸೀಟಿನಲ್ಲಿ ಮಗು ಅಳುತ್ತಿತ್ತು. ಅವತ್ತೇ ಮಗುವನ್ನು ಎತ್ತಿಕೊಂಡು ಹೋದ ಇಲಾಖೆಯವರು ಅದನ್ನು ವರ್ನಾಳ ಸೊಸೆ ಡೀನಾಳ ಮಡಿಲಿಗೆ ಹಾಕಿದ್ದರು. ಮೂರು ಬಸಿರನ್ನೂ ಕಳೆದುಕೊಂಡಿದ್ದ ಡೀನಾಳಿಗೆ ಆ ಮಗು ಸಿಕ್ಕಿದ ಮೇಲೆ ನಡಿಗೆಯೇ ಬದಲಾಗಿತ್ತು.

ಆ ಮಂಗಳವಾರ ತಂಡದ ಮುಖಂಡೆ ಗ್ಲೆಂಡಾ ಟ್ರೇ ಇಳಿಸಿದವಳೇ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಡೀನಾ, ಜೋಸಿ ಯಾರ ಹತ್ತಿರ ಇರ್ಬೇಕು ಅಂತ ಕೋರ್ಟು ಹೇಳೋ ದಿನ ನಾವೆಲ್ಲ ಬರ್ತಿದ್ದೀವಿ. ಹಳದಿ ಟೀ ಶರ್ಟ್ ಮಾಡಿಸ್ತಿದ್ದೀನಿ. ಎದೆ ಮೇಲೆ 'ಜೋಸಿಯ ಜೊತೆ ನಾವು' ಅಂತ. ಬೆಂಚೆಲ್ಲ ಹಳದಿ ಆಗ್ಬೇಕು. ಈ ಮಗುವಿಗೆ ಎಂಥ ಮನೆ ಸಿಕ್ಕಿದೆ ಅಂತ ಜಡ್ಜ್ ಕಣ್ಣಾರೆ ನೋಡ್ಲಿ."

ಡೀನಾ ಕಣ್ಣೊರೆಸಿಕೊಂಡಳು. ಕಿಟಕಿಯ ಹತ್ತಿರ ಕೂತು ಚಳಿಗಾಲಕ್ಕೆಂದು ಒಣಗಿಸಲು ಬೀನ್ಸ್ ಕಾಯಿಗಳನ್ನು ಸೂಜಿ ದಾರದಲ್ಲಿ ಪೋಣಿಸುತ್ತಿದ್ದ ವರ್ನಾ ತಲೆ ಎತ್ತಲಿಲ್ಲ.

"ಅವಳಮ್ಮನ ಜೊತೆ ಯಾರು?"

"ಏನಂದ್ರಿ ಸಿಸ್ಟರ್?"

"ಜೋಸಿ ಜೊತೆ ನೀವು ಸರಿ. ಶೆಲ್ಬಿ ಜೊತೆ ಯಾರು ಅಂದೆ."

ಗ್ಲೆಂಡಾ ಸಮಾಧಾನವಾಗಿ ನಕ್ಕಳು. "ಅವಳಿಗೋಸ್ಕರ ಪ್ರತಿ ಬುಧವಾರ ಪ್ರಾರ್ಥನೆ ಮಾಡ್ತಾನೇ ಇದ್ದೀವಲ್ಲ."

"ಮಾಡಿ, ಮಾಡಿ. ನನಗೆ ಮಾತ್ರ ಟ್ರೇ ತುಂಬ ನೂಡಲ್ಸು, ಅವಳಿಗೆ ಬರೀ ಪ್ರಾರ್ಥನೆ. ಯಾರ ಹೊಟ್ಟೆ ತುಂಬ್ತೋ ಕರ್ತನೇ ಬಲ್ಲ."

ಹೆಂಗಸರು ಹೊರಟುಹೋದ ಮೇಲೆ ಡೀನಾ ಅಡುಗೆಮನೆಯ ಬಾಗಿಲು ಹಾಕಿದಳು.

"ಅತ್ತೆ, ಅವರು ನನಗೋಸ್ಕರ ಬರ್ತಿದ್ದಾರೆ. ನೀವ್ಯಾಕೆ ಹೀಗೆ ಮುಖಕ್ಕೆ ಹೊಡೆದ ಹಾಗೆ ಮಾತಾಡ್ತೀರಿ?"

"ಆ ಹುಡುಗಿ ಚಟ ಬಿಟ್ಟು ವರ್ಷದ ಮೇಲಾಯ್ತು. ಚಿಕಿತ್ಸೆ ಮುಗಿಸಿದ್ಲು. ಕೆಲಸ ಹಿಡಿದ್ಲು. ತೊರೆ ಪಕ್ಕ ಆ ತಗಡಿನ ಟ್ರೇಲರ್ ಮನೆ ಬಾಡಿಗೆಗೆ ತಗೊಂಡ್ಲು. ಇನ್ನೇನು ಮಾಡ್ಬೇಕು ಅವಳು?"

"ಮತ್ತೆ ಬಿದ್ರೆ?"

"ಬಿದ್ರೆ ಬೀಳ್ತಾಳೆ. ನಾನೂ ಬಿದ್ದೆ. ಸೊಂಟ ಮುರೀತು ಅಂತ ನನ್ನ ಮಗನ್ನ ಬೇರೆಯವರಿಗೆ ಕೊಟ್ರಾ?"

"ಎರಡೂ ಒಂದೇನಾ? ಒಂದೇನಾ ಹೇಳಿ!" ಡೀನಾಳ ದನಿ ಒಡೆಯಿತು. "ಅವಳ ಜ್ವರಕ್ಕೆ ಎದ್ದು ಕೂತವಳು ನಾನು. ಬೆಚ್ಚಿಬಿದ್ದು ಕೂಗಿದ್ರೆ ಎದೆಗೆ ಅವಚಿಕೊಂಡವಳು ನಾನು. ನಿಮಗೆ ನಾನು ಸೊಸೆ. ಅವಳು ಯಾರು ನಿಮಗೆ?"

ಸೂಜಿ ವರ್ನಾಳ ಬೆರಳಿಗೆ ಚುಚ್ಚಿ ಒಂದು ಹನಿ ರಕ್ತ ಬಂತು. ಬೆರಳನ್ನು ಬಾಯಲ್ಲಿಟ್ಟುಕೊಂಡಳು, ಆಮೇಲೆ ಮುಂದಿನ ಕಾಯಿ ತೆಗೆದುಕೊಂಡಳು.

ಅದಾದ ಮುಂದಿನ ಭಾನುವಾರ ಶೆಲ್ಬಿ ಚರ್ಚಿಗೆ ಬಂದಳು. ಇಪ್ಪತ್ತನಾಲ್ಕರ ಹುಡುಗಿ, ತೆಳ್ಳಗೆ, ತೋಳು ಪೂರ್ತಿ ಮುಚ್ಚುವ ಸ್ವೆಟರು. ಕೊನೆಯ ಬೆಂಚಿನ ತುದಿಯಲ್ಲಿ ಕೂತಳು. ಯಾರೂ ಅವಳನ್ನು ಒಂದು ಮಾತೂ ಅನ್ನಲಿಲ್ಲ. ಬರುವವರು ಬಂದರು, ನಕ್ಕರು, "ಬಂದದ್ದು ಸಂತೋಷ" ಅಂದರು, ಮುಂದೆ ಹೋಗಿ ಬೇರೆಡೆ ಕೂತರು. ಹಾಡು ಶುರುವಾಗುವ ಹೊತ್ತಿಗೆ ಆ ಬೆಂಚಿನಲ್ಲಿ ಅವಳೊಬ್ಬಳೇ, ಅದರ ಮುಂದಿನ ಬೆಂಚೂ ಖಾಲಿ.

ಮೂರನೇ ಸಾಲಿನಲ್ಲಿ ಮಗ ರಾಯ್ಸ್ ಮತ್ತು ಡೀನಾಳ ನಡುವೆ ಕೂತಿದ್ದ ವರ್ನಾ ಹಾಡಿನ ಮಧ್ಯೆ ವಾಕರ್ ಹಿಡಿದು ಎದ್ದಳು.

"ಎಲ್ಲಿಗಮ್ಮ? ಬಚ್ಚಲಿಗಾ?" ರಾಯ್ಸ್ ಪಿಸುಗುಟ್ಟಿದ.

"ಹೌದು ಅಂದ್ಕೋ."

ನಡುದಾರಿಯಲ್ಲಿ ವಾಕರಿನ ಸದ್ದು ಮಾಡುತ್ತಾ ಹಿಂದಕ್ಕೆ ಹೋದಳು. ಪಾಸ್ಟರು ಹಾಡು ತಪ್ಪಿದರು. ವರ್ನಾ ಶೆಲ್ಬಿಯ ಪಕ್ಕ ಉಸ್ಸೆಂದು ಕೂತು, "ಸ್ವಲ್ಪ ಸರಿ ತಾಯಿ, ಕಾಲು ಚಾಚ್ಬೇಕು," ಅಂದಳು. ಪ್ರಾರ್ಥನೆ ಮುಗಿದ ಮೇಲೆ ಅವಳ ಮೊಣಕೈ ಹಿಡಿದುಕೊಂಡೇ ಹೊರಬಂದಳು. "ಇವತ್ತು ನಮ್ಮನೇಲಿ ಊಟ. ಹಂದಿ ಮಾಂಸ ಹಾಕಿ ಕಾಳು ಬೇಯಿಸಿಟ್ಟು ಬಂದಿದ್ದೀನಿ."

"ಬೇಡ ಅಜ್ಜಿ. ಡೀನಕ್ಕ ಏನಂದ್ಕೊಳ್ತಾರೆ?"

"ಅವಳು ಏನಂದ್ಕೊಳ್ತಾಳೆ ಅಂತ ಅವಳೇ ಹೇಳ್ತಾಳೆ. ಅವಳಿಗೂ ನಾಲಿಗೆ ಇದೆ."

ಮನೆಯಲ್ಲಿ ಡೀನಾ ಕಬ್ಬಿಣದ ಬಾಣಲೆಯಿಂದ ಮೆಕ್ಕೆಜೋಳದ ರೊಟ್ಟಿ ಕೊಯ್ದು ಎಲ್ಲರ ತಟ್ಟೆಗೂ ಹಾಕಿದಳು. ಶೆಲ್ಬಿಯ ತಟ್ಟೆಗೂ ಹಾಕಿದಳು, ಅವಳ ಮುಖ ನೋಡದೆ. ಜೋಸಿ ಮೊದಲು ಡೀನಾಳ ತೊಡೆಯ ಮೇಲಿದ್ದವಳು ಇಳಿದು ಶೆಲ್ಬಿಯ ತೊಡೆ ಏರಿದಳು, ಅಲ್ಲಿಂದ ಇಳಿದು ಮತ್ತೆ ಇಲ್ಲಿ ಏರಿದಳು. ಇದೊಂದು ಆಟವೆಂದೇ ತಿಳಿದಿತ್ತು ಮಗು.

ರಾಯ್ಸ್ ಟೈರ್ ಅಂಗಡಿಯಲ್ಲಿ ಕೆಲಸ ಮಾಡುವವನು, ಮನೆಯಲ್ಲಿ ಯಾರ ದನಿ ಏರಿದರೂ ಮಾತು ಬೇರೆ ಕಡೆ ತಿರುಗಿಸುವವನು. "ಕೆಲಸ ಹೇಗಿದೆ ಶೆಲ್ಬಿ?" ಅಂದ.

"ಚೆನ್ನಾಗಿದೆ ಅಣ್ಣ. ವೃದ್ಧಾಶ್ರಮದಲ್ಲಿ ಬಟ್ಟೆ ಒಗೆಯೋದು. ರಾತ್ರಿ ಪಾಳಿ. ಹಗಲು ಪಾಳಿ ಹಳಬರಿಗೆ, ನಂದು ವಸಂತಕ್ಕೆ ಬರುತ್ತಂತೆ." ಅವಳು ಚಮಚ ಕೆಳಗಿಟ್ಟಳು. "ಅದೇ ತೊಂದ್ರೆ ಆಗಿರೋದು. ಜಡ್ಜ್ ಹೇಳಿದ್ರು, ರಾತ್ರಿ ಹೊತ್ತು ದೊಡ್ಡವರೊಬ್ಬರು ಮನೆಯಲ್ಲಿರಬೇಕು, ಇದ್ರೆ ಮಗು ಕೊಡೋ ಯೋಚನೆ ಮಾಡಬಹುದು ಅಂತ. ನನಗೆ ಯಾರಿದ್ದಾರೆ? ನನ್ನಮ್ಮ ಇನ್ನೂ ಅದೇ ಮಾತ್ರೆಯಲ್ಲಿದ್ದಾಳೆ. ಗ್ಲೆಂಡಾ ಮೇಡಮ್ಮನ್ನ ಕೇಳ್ದೆ. ಸೇವಾ ತಂಡದ ಕೆಲಸ ಬೇರೆಯವರ ಮಕ್ಕಳನ್ನ ಸಾಕೋ ಕುಟುಂಬಗಳಿಗೆ ಮತ್ತೆ ವಯಸ್ಸಾದವರಿಗೆ ಮಾತ್ರ, ಹೆತ್ತವರಿಗಲ್ಲ ಅಂದ್ರು."

ಡೀನಾ ಎದ್ದು ತಟ್ಟೆಗಳನ್ನು ಎತ್ತಿಕೊಂಡು ಹೋಗಿ ಪಾತ್ರೆ ತೊಳೆಯುವ ತೊಟ್ಟಿಗೆ ಹಾಕಿದಳು. ಒಂದು ತಟ್ಟೆ ಒಡೆಯಿತು. ಶೆಲ್ಬಿ ಓಡಿಹೋಗಿ ಚೂರು ಆರಿಸಲು ಬಗ್ಗಿದಳು.

"ಬಿಡು. ನನ್ನ ಮನೆ ತಟ್ಟೆ, ನಾನೇ ಎತ್ಕೊಳ್ತೀನಿ."

"ಡೀನಕ್ಕ, ನಿಮ್ಮ ಮುಖ ನೋಡೋ ಯೋಗ್ಯತೆ ನನಗಿಲ್ಲ. ನೀವು ಮಾಡಿದ್ದು ನನಗೆ ಗೊತ್ತು."

"ಗೊತ್ತಿದ್ರೆ ಯಾಕೆ ಕೇಳ್ತೀಯ ಅವಳನ್ನ?"

"ನನ್ನ ಮಗು ಅಲ್ವಾ ಅಕ್ಕ."

ಡೀನಾ ಚೂರುಗಳನ್ನು ಒಂದೊಂದಾಗಿ ಆರಿಸತೊಡಗಿದಳು.

ಬುಧವಾರ ಚರ್ಚಿನ ನೆಲಮಾಳಿಗೆಯಲ್ಲಿ ಸೇವಾ ತಂಡದ ಸಭೆ. ಕಾಫಿ, ಸೇಬಿನ ಕೇಕು, ಮಡಿಸುವ ಕುರ್ಚಿಗಳು. ವರ್ನಾ ಕರೆಯದೆ ಬಂದಳು. ಮೆಟ್ಟಿಲು ಇಳಿಯಲು ಇಬ್ಬರು ಹಿಡಿದುಕೊಳ್ಳಬೇಕಾಯಿತು. ಕೂತವಳೇ ಕೇಳಿದಳು: "ವಾರಕ್ಕೆ ಐದು ರಾತ್ರಿ ಶೆಲ್ಬಿ ಮನೇಲಿ ಒಬ್ಬರು ಮಲಗ್ಬೇಕು. ನೀವು ಹನ್ನೆರಡು ಜನ ಇದ್ದೀರಿ. ಹಂಚಿಕೊಂಡ್ರೆ ಒಬ್ಬೊಬ್ಬರಿಗೆ ತಿಂಗಳಿಗೆ ಎರಡು ರಾತ್ರಿನೂ ಬರಲ್ಲ. ಯಾರ್ಯಾರು?"

ಒಬ್ಬಳಿಗೆ ಬೆನ್ನು ನೋವು. ಒಬ್ಬಳ ಗಂಡ ಒಪ್ಪುವುದಿಲ್ಲ. ಇನ್ನೊಬ್ಬಳು, ಆ ತೊರೆಯ ಕಡೆ ಎಂಥೆಂಥವರೋ ಓಡಾಡುತ್ತಾರೆ ಅಂದಳು. ಗ್ಲೆಂಡಾ ಎಲ್ಲರ ಪರವಾಗಿ ಮಾತಾಡಿದಳು. ಕೆಟ್ಟ ಹೆಂಗಸಲ್ಲ ಅವಳು. ಸೊಂಟದ ಶಸ್ತ್ರಚಿಕಿತ್ಸೆಯಾದಾಗ ಆಸ್ಪತ್ರೆಯಲ್ಲಿ ವರ್ನಾಳ ಬಾಯಿಗೆ ಗಂಜಿ ಹಾಕಿದ್ದು ಅವಳೇ.

"ಸಿಸ್ಟರ್ ವರ್ನಾ, ಎಲ್ಲಾದ್ರೂ ಒಂದು ಗೆರೆ ಹಾಕ್ಕೊಳ್ಳಲೇಬೇಕು. ನಮ್ಮ ಕೈಲಾಗೋದು ಇಷ್ಟು. ಮಕ್ಕಳನ್ನ ಸಾಕೋ ಕುಟುಂಬಗಳು, ವಯಸ್ಸಾದವರು. ಅಲ್ಲಿಗೆ ನಿಂತ್ಕೊಂಡಿದ್ದೀವಿ."

"ನಾನು ವಯಸ್ಸಾದವಳು ಹೌದಾ ಅಲ್ವಾ?"

"ಹೌದು, ಅದಕ್ಕೇ..."

"ಹಂಗಾದ್ರೆ ಕೇಳಿಸ್ಕೊಳ್ಳಿ. ಶೆಲ್ಬಿ ಮನೇಲಿ ನಾನೇ ಹೋಗಿ ಇರ್ತೀನಿ. ಜಡ್ಜ್ ಕೇಳಿದ್ದು ದೊಡ್ಡವರೊಬ್ಬರನ್ನ. ನನಗಿಂತ ದೊಡ್ಡವರು ಈ ಕಣಿವೇಲಿ ಇನ್ನಿಬ್ಬರೋ ಮೂವರೋ. ನಿಮ್ಮ ಮಂಗಳವಾರದ ಊಟ ನಾನಿರೋ ಕಡೆಗೇ ಬರ್ಲಿ."

ಕೇಕು ಕೊಯ್ಯುತ್ತಿದ್ದ ಚಾಕು ನಿಂತಿತು.

ಮನೆಯಲ್ಲಿ ರಾಯ್ಸ್ ಮೊದಲ ಬಾರಿಗೆ ತಾಯಿಯ ಮೇಲೆ ಕೂಗಾಡಿದ.

"ತಲೆ ಕೆಟ್ಟಿದೆಯಾ ಅಮ್ಮ? ಬಚ್ಚಲಿಗೆ ಹೋಗೋಕೆ ನಿನಗೆ ಗೋಡೆ ಬೇಕು. ಅಲ್ಲಿ ಮೂರು ಮೆಟ್ಟಿಲು, ಒಂದು ಹೀಟರು. ಮಗು ರಾತ್ರಿ ಎದ್ದು ಓಡಿದ್ರೆ ಹಿಡಿಯೋಕೆ ಆಗುತ್ತಾ ನಿನಗೆ?"

"ಓಡಿದ್ರೆ ಕೂಗ್ತೀನಿ. ನನ್ನ ಕೂಗಿಗೆ ನಿಮ್ಮಪ್ಪ ಗಣಿ ಒಳಗಿಂದ ಬರ್ತಿದ್ದ."

"ಇದು ತಮಾಷೆಯಲ್ಲ!"

"ನಾನೂ ತಮಾಷೆ ಮಾಡ್ತಿಲ್ಲ. ಕಿಟಕಿ ಪಕ್ಕ ಕೂರಿಸಿ, ಊಟ ಕೊಟ್ಟು, ಕೈ ಹಿಡ್ಕೊಂಡು ಹೋಗ್ತಾರೆ. ಸಾಯೋ ತನಕ ಹಿಂಗೇ ಕೂತಿರ್ಲಾ? ಇನ್ನೂ ಒಂದು ಕೆಲಸಕ್ಕೆ ಬರ್ತೀನಿ ನಾನು. ಅದನ್ನ ಮಾಡೋಕೆ ಬಿಡು."

ಡೀನಾ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಅವಳು ಕೂಗಲಿಲ್ಲ. "ನನ್ನ ಕೈಯಿಂದ ಮಗು ಕಿತ್ಕೊಳ್ಳೋದೇ ಆ ಕೆಲಸ ಅಂತ ಹೇಳಿ ಅತ್ತೆ. ಬಾಯಿ ಬಿಟ್ಟು ಹೇಳಿ," ಅಂದಳು.

"ಹೌದು," ಅಂದಳು ವರ್ನಾ. "ಅದೂ ಹೌದು."

ಅಂದಿನಿಂದ ಡೀನಾ ಅವಳೊಂದಿಗೆ ಮಾತು ಬಿಟ್ಟಳು. ಹೊತ್ತಿಗೆ ಸರಿಯಾಗಿ ಊಟ ಬಡಿಸಿದಳು, ಮಾತ್ರೆ ನೀರು ಕೊಟ್ಟಳು, ಹಾಸಿಗೆ ಬದಲಿಸಿದಳು, ಸ್ನಾನಕ್ಕೆ ಬಿಸಿನೀರು ತುಂಬಿಸಿಟ್ಟಳು. "ಡೀನಮ್ಮ, ವರ್ನಜ್ಜಿ ಉಪ್ಪು ಕೇಳ್ತಿದ್ದಾರೆ," ಎಂದು ಜೋಸಿ ನಡುವೆ ಮಾತು ಸಾಗಿಸಿದಳು.

ಕೋರ್ಟಿನ ದಿನ ಬೆಂಚುಗಳು ನಿಜಕ್ಕೂ ಹಳದಿಯಾಗಿದ್ದವು. ಡೀನಾಳೂ ಹಳದಿ ಶರ್ಟ್ ಹಾಕಿದ್ದಳು. ಆ ಕಡೆ ಶೆಲ್ಬಿ, ಅವಳ ವಕೀಲ, ಮತ್ತು ವಾಕರ್ ಮುಂದಿಟ್ಟುಕೊಂಡು ವರ್ನಾ. ಭಾನುವಾರದ ನೀಲಿ ಉಡುಪು, ತಲೆಗೆ ಹ್ಯಾಟು.

ಜಡ್ಜ್ ನಡುವಯಸ್ಸಿನ ಹೆಂಗಸು. ಕನ್ನಡಕದ ಮೇಲಿಂದ ನೋಡಿದರು. "ಅಮ್ಮಾ, ನಿಮ್ಮನ್ನೇ ನೋಡ್ಕೊಳ್ಳೋಕೆ ಒಬ್ಬರು ಬೇಕು ಅನ್ನೋ ಹಾಗೆ ಕಾಣುತ್ತಲ್ಲ?"

"ಬೇಕು ತಾಯಿ. ಹಗಲು ಹೊತ್ತು ಶೆಲ್ಬಿ ನನ್ನ ನೋಡ್ಕೊಳ್ತಾಳೆ. ರಾತ್ರಿ ನಾನು ಅವಳ ಮಗೂನ ನೋಡ್ಕೊಳ್ತೀನಿ. ಅದರಲ್ಲಿ ಯಾರಿಗೇನು ನಷ್ಟ?"

ಹಳದಿ ಬೆಂಚುಗಳಲ್ಲಿ ಯಾರೋ ನಕ್ಕು, ಕೆಮ್ಮಿದಂತೆ ಮಾಡಿದರು. ಜಡ್ಜ್ ಡೀನಾಳ ಕಡೆ ತಿರುಗಿದರು.

"ಇವರು ನಿಮ್ಮ ಮನೇಲೇ ಇದ್ದವರು. ಮಗು ಜೊತೆ ಇವರನ್ನ ನೀವು ನೋಡಿದ್ದೀರಿ. ರಾತ್ರಿ ಹೊತ್ತು ಮಗೂನ ಇವರ ಕೈಗೆ ಬಿಡಬಹುದಾ?"

ಗ್ಲೆಂಡಾ ಡೀನಾಳ ಭುಜದ ಮೇಲೆ ಕೈಯಿಟ್ಟಳು. ಒಂದು ಮಾತು ಸಾಕಿತ್ತು. ಅತ್ತೆಗೆ ನಡೆಯಲಾಗುವುದಿಲ್ಲ ಅಂದಿದ್ದರೆ ಸುಳ್ಳೂ ಆಗುತ್ತಿರಲಿಲ್ಲ. ವರ್ನಾ ನೆಲ ನೋಡುತ್ತಾ ಕೂತಳು. ಸೊಸೆಯ ಮುಖ ನೋಡಿದರೆ ಅದೊಂದು ಒತ್ತಾಯವಾದೀತೆಂದು ಅವಳಿಗೆ ಅನ್ನಿಸಿತ್ತು.

"ಬಿಡಬಹುದು," ಅಂದಳು ಡೀನಾ. ಅಷ್ಟೇ ಅಂದು ಎದ್ದು ಹೊರಗೆ ಹೋದಳು.

ಮೂರು ತಿಂಗಳು ನೋಡೋಣ, ಮಗು ತಾಯಿಯ ಹತ್ತಿರ ಇರಲಿ, ಇಲಾಖೆಯವರು ಬಂದು ಹೋಗುತ್ತಿರಲಿ ಎಂದು ತೀರ್ಪಾಯಿತು.

ಟ್ರೇಲರಿನಲ್ಲಿ ಎರಡು ಕೋಣೆ. ವರ್ನಾ ಮತ್ತು ಜೋಸಿ ಒಂದರಲ್ಲಿ. ರಾಯ್ಸ್ ಬಾಯಲ್ಲಿ ಬೈಯುತ್ತಲೇ ಮೆಟ್ಟಿಲಿಗೆ ಕಟಕಟೆ ಹೊಡೆದು, ಬಚ್ಚಲಿಗೆ ಹಿಡಿ ಕೂರಿಸಿ, ಇನ್ನೊಂದು ಹೀಟರ್ ತಂದಿಟ್ಟು ಹೋದ. ಶೆಲ್ಬಿ ಬೆಳಗ್ಗೆ ಬಂದು, ಮಗುವಿಗೆ ತಿಂಡಿ ಕೊಟ್ಟು, ವರ್ನಾಳ ಕಾಲಿಗೆ ಬಿಗಿ ಕಾಲುಚೀಲ ಹಾಕಿ, ಆಮೇಲೆ ಮಲಗುವಳು. ಅಡುಗೆ ಮಾತ್ರ ವರ್ನಾಳದೇ.

"ನಿನಗೆ ಕಾಳು ಬೇಯಿಸೋಕೂ ಬರಲ್ವಾ? ನಿನ್ನ ಯಾರು ಸಾಕಿದ್ರು?"

"ಯಾರೂ ಸಾಕಲಿಲ್ಲ ಅಜ್ಜಿ. ಡಬ್ಬಿ ತೆಗೆದು ತಿಂದೇ ಬೆಳೆದೆ."

"ಸರಿ, ಇಲ್ಲಿ ಬಾ. ಹಳೇ ಹಾಡು ಬೇಡ, ಮೊದಲು ಕಲ್ಲು ಆರಿಸು. ಆಮೇಲೆ ನೀರಲ್ಲಿ ನೆನೆ ಹಾಕು."

ಮೊದಲ ಮಂಗಳವಾರ ಯಾರೂ ಬರಲಿಲ್ಲ. ವರ್ನಾ ಪಾಸ್ಟರಿಗೆ ಫೋನು ಮಾಡಿ, "ನಾನು ಸತ್ತೆ ಅಂತ ಯಾರಾದ್ರೂ ಸುದ್ದಿ ಹಬ್ಬಿಸಿದ್ರಾ?" ಎಂದು ಕೇಳಿದಳು. ಎರಡನೇ ಮಂಗಳವಾರ ಗ್ಲೆಂಡಾ ಸ್ವತಃ ಬಂದಳು. ಹೊಸ್ತಿಲು ದಾಟದೆ ಒಂದು ಸಣ್ಣ ಡಬ್ಬಿ ಕೊಟ್ಟಳು. ಒಬ್ಬರಿಗೆ ಸಾಕಾಗುವಷ್ಟೇ ನೂಡಲ್ಸು. ವರ್ನಾ ಅವಳ ಕಣ್ಣೆದುರೇ ಮೂರು ತಟ್ಟೆ ತಂದು, ಆ ಒಂದು ಪಾಲನ್ನು ಮೂರು ಮಾಡಿದಳು. ಗ್ಲೆಂಡಾಳ ಮುಖ ಕೆಂಪಾಯಿತು.

"ಹೀಗೆ ನಮ್ಮನ್ನ ನಾಚಿಸಬೇಡಿ ಸಿಸ್ಟರ್."

"ನಾನು ಊಟ ಬಡಿಸ್ತಿದ್ದೀನಿ ಅಷ್ಟೇ. ಒಳಗೆ ಬಾ, ನಾಲ್ಕು ಮಾಡ್ತೀನಿ."

ಗ್ಲೆಂಡಾ ಒಳಗೆ ಬರಲಿಲ್ಲ.

ನವೆಂಬರಿನಲ್ಲಿ ಒಂದು ಬೆಳಗ್ಗೆ ಶೆಲ್ಬಿ ಮನೆಗೆ ಬರಲಿಲ್ಲ. ರಾತ್ರಿ ರಸ್ತೆಯ ಮೇಲೆ ಮಂಜು ಗಟ್ಟಿಕಟ್ಟಿತ್ತು. ಬೆಳಕಾದ ಕೂಡಲೇ ಬರುವವಳು ಬಿಸಿಲು ಗುಡ್ಡ ದಾಟಿದರೂ ಕಾಣಲಿಲ್ಲ. ಫೋನು ಮಾಡಿದರೆ ಸದ್ದೇ ಇಲ್ಲ. ವೃದ್ಧಾಶ್ರಮಕ್ಕೆ ಮಾಡಿದರೆ, "ಪಾಳಿ ಮುಗಿಸಿ ಯಾವಾಗಲೋ ಹೊರಟಳಲ್ಲ," ಅಂದರು.

ಪೆಟ್ರೋಲ್ ಬಂಕು, ಸ್ಟೀರಿಂಗ್ ಮೇಲೆ ವಾಲಿದ ತಲೆ, ವರ್ನಾ ಕಣ್ಣಾರೆ ನೋಡದ ಅದೆಲ್ಲ ಕಣ್ಣಮುಂದೆ ಬಂತು. ನಾನೆಂಥ ಮೂರ್ಖಳೆಂದು ಮೊದಲ ಬಾರಿಗೆ ಅನ್ನಿಸಿತು. ಏನೇ ಹೆಚ್ಚುಕಡಿಮೆ ಆದರೂ ಕೂಡಲೇ ತಿಳಿಸಬೇಕೆಂದು ಇಲಾಖೆಯವಳು ತನ್ನ ನಂಬರನ್ನು ಫ್ರಿಜ್ಜಿನ ಮೇಲೆ ಅಂಟಿಸಿ ಹೋಗಿದ್ದಳು. ವರ್ನಾ ಅದನ್ನು ನೋಡಿದಳು. ಆಮೇಲೆ ಮಗನ ಮನೆಗೆ ಫೋನು ಮಾಡಿದಳು.

ಎತ್ತಿದ್ದು ಡೀನಾ. ಕೋರ್ಟಿಗೂ ಮುಂಚಿನಿಂದ ಇಬ್ಬರೂ ಮಾತಾಡಿರಲಿಲ್ಲ.

"ಶೆಲ್ಬಿ ಬಂದಿಲ್ಲ," ಅಂದಳು ವರ್ನಾ.

"ನನಗ್ಯಾಕೆ ಹೇಳ್ತಿದ್ದೀರಿ? ಇಲಾಖೆಗೆ ಹೇಳಿ."

"ಇಲಾಖೆಗೆ ಹೇಳಿದ್ರೆ ಮಧ್ಯಾಹ್ನದೊಳಗೆ ಮಗು ನಿನ್ನ ಮನೇಲಿರುತ್ತೆ. ಅದು ನನಗೂ ಗೊತ್ತು, ನಿನಗೂ ಗೊತ್ತು. ಅದಕ್ಕೇ ನಿನಗೆ ಹೇಳ್ತಿದ್ದೀನಿ. ಏನು ಮಾಡ್ತೀಯೋ ನೀನೇ ಮಾಡು."

ಫೋನು ಕಟ್ಟಾಯಿತು.

ಜೋಸಿ ಎದ್ದು ಬಂದು ಅಮ್ಮ ಎಲ್ಲಿ ಅಂದಳು. ಬರ್ತಾಳೆ, ಮೊದಲು ಹಲ್ಲುಜ್ಜು ಅಂದಳು ವರ್ನಾ. ಬಿಸ್ಕತ್ತಿನ ಹಿಟ್ಟು ನಾದಿದಳು, ಉಪ್ಪು ಹಾಕಿದೆನೋ ಇಲ್ಲವೋ ಎಂದು ಎರಡೆರಡು ಸಲ ಹಾಕಿದಳು. ಹೊರಗೆ ಕಾರಿನ ಸದ್ದಾದಾಗ ವಾಕರನ್ನೂ ಮರೆತು ಬಾಗಿಲವರೆಗೆ ನಡೆದುಬಿಟ್ಟಳು.

ಡೀನಾಳ ಕಾರು. ಅದರಿಂದ ಡೀನಾ ಇಳಿದಳು. ಇನ್ನೊಂದು ಬಾಗಿಲಿಂದ ಶೆಲ್ಬಿ, ಮೊಣಕಾಲವರೆಗೆ ಪ್ಯಾಂಟು ಒದ್ದೆ, ತುಟಿ ನೀಲಿ. ಸೇತುವೆ ಹತ್ತಿರ ಕಾರು ಜಾರಿ ಚರಂಡಿಗೆ ಇಳಿದಿತ್ತು. ಫೋನಿನಲ್ಲಿ ಜೀವವಿರಲಿಲ್ಲ. ದಾರಿಯಲ್ಲಿ ಹೋಗುವವರ ಗಾಡಿಗೆ ಕೈ ಮಾಡಲು ಹೆದರಿ ಹಿಮದಲ್ಲೇ ನಡೆದುಕೊಂಡು ಬರುತ್ತಿದ್ದಳಂತೆ.

"ಹೆದರಿಕೆ ಯಾಕೆ?" ವರ್ನಾ ಕೂಗಿದಳು.

"ಮತ್ತೆ ಶುರು ಮಾಡಿದ್ದಾಳೆ ಅಂದ್ಕೊಳ್ತಾರೆ ಅಂತ." ಹಲ್ಲು ಕಟಕಟ ಅನ್ನುತ್ತಿತ್ತು. "ನೀವೂ ಅಂದ್ಕೊಂಡ್ರಿ ಅಲ್ವಾ ಅಜ್ಜಿ?"

"ಅಂದ್ಕೊಂಡೆ," ಅಂದಳು ವರ್ನಾ. "ತಪ್ಪಾಯ್ತು. ಕೂತ್ಕೋ."

ಡೀನಾ ಆಗಲೇ ಬಚ್ಚಲಿನಿಂದ ಟಬ್ಬು ತಂದು ಉಗುರುಬೆಚ್ಚಗಿನ ನೀರು ಸುರಿದಿದ್ದಳು. ನೆಲದ ಮೇಲೆ ಮಂಡಿಯೂರಿ ಕೂತು ಶೆಲ್ಬಿಯ ಬೂಟು ಬಿಚ್ಚಿ, ಕಾಲುಚೀಲ ಸುಲಿದು, ಪಾದಗಳನ್ನು ನೀರಿಗೆ ಇಳಿಸಿದಳು. "ಬಿಸಿ ಜಾಸ್ತಿ ಆಯ್ತಾ?" ಅಂದಳು. "ಏನೂ ಗೊತ್ತಾಗ್ತಿಲ್ಲ ಅಕ್ಕ," ಅಂದಳು ಶೆಲ್ಬಿ. ಅಷ್ಟರಲ್ಲಿ ಜೋಸಿ ಓಡಿಬಂದು ಡೀನಾಳ ಬೆನ್ನ ಮೇಲೆ ಬಿದ್ದಳು. "ಡೀನಮ್ಮ! ನಂಗೆ ಎರಡು ಮೊಟ್ಟೆ!"

ಎಲ್ಲರಿಗೂ ಮೊಟ್ಟೆ ಹುರಿದದ್ದು ಡೀನಾಳೇ. ಶೆಲ್ಬಿ ತಿಂದು, ಕೂತಲ್ಲೇ ತೂಕಡಿಸಿ, ಮಗುವಿನ ಜೊತೆ ಒಳಗೆ ಹೋಗಿ ಮಲಗಿದಳು. ಅಡುಗೆಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ ಉಳಿದರು.

"ಒಂದು ಮಾತು ಹೇಳ್ತೀನಿ," ಅಂದಳು ಡೀನಾ, ಬಾಣಲೆ ಉಜ್ಜುತ್ತಾ. "ದಾರೀಲಿ ಅವಳನ್ನ ನೋಡಿ ಗಾಡಿ ನಿಲ್ಲಿಸಲಿಲ್ಲ ನಾನು. ದಾಟಿಕೊಂಡು ಮುಂದೆ ಹೋದೆ. ಇಲಾಖೆಗೆ ಫೋನು ಮಾಡಿದ್ರೆ ಆಯ್ತು ಅಂತ ಕೈಯಲ್ಲಿ ಫೋನೂ ಹಿಡಿದಿದ್ದೆ. ಕನ್ನಡೀಲಿ ನೋಡಿದ್ರೆ ನಡೀತಾನೇ ಇದ್ದಾಳೆ, ಬಿದ್ದು ಎದ್ದು. ಗಾಡಿ ತಿರುಗಿಸಿದೆ."

"ತಿರುಗಿಸಿದೆಯಲ್ಲ."

"ಹೊಗಳಬೇಡಿ. ನಿಮ್ಮ ಮೇಲಿನ ಕೋಪ ನನಗೆ ಹೋಗಿಲ್ಲ. ಹೋಗೋದೂ ಇಲ್ಲ."

"ಹೋಗೋದು ಬೇಡ. ಕೋಪ ಇಟ್ಕೊಂಡೇ ಬಾ. ಶನಿವಾರ ಶೆಲ್ಬಿಗೆ ನಿದ್ದೆ ಬೇಕು, ಮಗೂನ ಹೊರಗೆ ಕರ್ಕೊಂಡು ಹೋಗೋಕೆ ನನ್ನ ಕೈಲಾಗಲ್ಲ."

ಡೀನಾ ಬಾಣಲೆ ಒರೆಸಿ ಮೊಳೆಗೆ ತೂಗುಹಾಕಿದಳು. ಶನಿವಾರ ಬಂದಳು. ಅದರ ಮುಂದಿನ ಶನಿವಾರವೂ ಬಂದಳು.

ಕ್ರಿಸ್ಮಸ್ಸಿಗೆ ಮುಂಚಿನ ಭಾನುವಾರ ಚರ್ಚಿನಲ್ಲಿ ವರ್ನಾ, ಡೀನಾ, ಶೆಲ್ಬಿ, ಜೋಸಿ ನಾಲ್ವರೂ ಒಂದೇ ಬೆಂಚಿನಲ್ಲಿ ಕೂತರು. ಹಿಂದಿನ ಬೆಂಚಲ್ಲ, ಮೂರನೆಯ ಸಾಲು. ರಾಯ್ಸ್‌ಗೆ ಜಾಗ ಸಾಲದೆ ತುದಿಯಲ್ಲಿ ಅರ್ಧ ಕೂತ. ಜೋಸಿ ಹಾಡಿನ ಒಂದು ಪದವೂ ಬರದೆ ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದಳು. ಸುತ್ತಲಿನವರು ತಿರುಗಿ ನೋಡಿದರು. ವರ್ನಾ ಅವರನ್ನೇ ತಿರುಗಿ ನೋಡಿದಳು, ಅವರು ಮುಂದೆ ತಿರುಗುವವರೆಗೆ.

ಆಮೇಲೆ ನೆಲಮಾಳಿಗೆಯಲ್ಲಿ ಕಾಫಿ ಕುಡಿಯುವಾಗ ಗ್ಲೆಂಡಾ ಹತ್ತಿರ ಬಂದಳು. ಮೊದಲು ಶೆಲ್ಬಿಗೆ ಒಂದು ಕಪ್ಪು ಕಾಫಿ ಕೊಟ್ಟಳು. ಆಮೇಲೆ ಡೀನಾಳ ಕಡೆ ತಿರುಗಿ, ದನಿ ತಗ್ಗಿಸಿ ಹೇಳಿದಳು:

"ಇಲಾಖೆಯಿಂದ ಫೋನು ಬಂದಿತ್ತು. ಗಂಡುಮಕ್ಕಳು ಇಬ್ಬರು, ಅಣ್ಣ ತಮ್ಮ. ನಾಳೆಗೇ ಮನೆ ಬೇಕಂತೆ. ನಿನ್ನ ಮನೆ ಖಾಲಿ ಇದೆ. ಕೇಳೋಕೆ ನನಗೆ ಬಾಯಿ ಬರ್ತಿಲ್ಲ, ಆದ್ರೂ ಕೇಳ್ತಿದ್ದೀನಿ. ಹೇಳ್ಲಾ ನಿನ್ನ ಹೆಸರು?"

ಡೀನಾ ಗಂಡನ ಮುಖ ನೋಡಿದಳು. ಅವನು ಹೂಂ ಅಂದ.

"ಹೇಳಿ," ಅಂದಳು. "ಅವರಮ್ಮ ಎಲ್ಲಿದ್ದಾಳೆ?"

"ಅವಳು... ಜಿಲ್ಲಾ ಜೈಲಿನಲ್ಲಿ."

"ಭೇಟಿ ದಿನ ಯಾವುದು ಅಂತ ಕೇಳಿಡಿ."

"ಯಾಕೆ?"

"ಮಕ್ಕಳನ್ನ ಕರ್ಕೊಂಡು ಹೋಗ್ಬೇಕಲ್ಲ. ಹಿಂದೆ ಅವರಿಬ್ಬರು, ಮುಂದೆ ನಾನು. ನನ್ನ ಪಕ್ಕದ ಸೀಟು ಖಾಲಿ ಇರುತ್ತೆ." ಡೀನಾ ಕಾಫಿಯ ಕೊನೆಯ ಗುಟುಕು ಕುಡಿದು ಕಪ್ಪು ಕೆಳಗಿಟ್ಟಳು. "ನೀವೂ ಬರ್ತೀರಿ, ಗ್ಲೆಂಡಾ."